ಬಿಳಿಗುಂಡ್ಲುವಿನ ಅಳತೆಗೆ ಸಿಗದ ನೀರು

(ಬೆಂಗಳೂರಿನ ಬಸವನಗುಡಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾವು ಈಗ ಕೂತಿರುವುದು ಎರಡು ನದಿಗಳನ್ನು ಬೇರೆ ಮಾಡುವ ದಿಣ್ಣೆಯ ಮೇಲೆ. ಕಹಳೆ ಬಂಡೆಯ ಪಡುವಣಕ್ಕೆ ಬಿದ್ದ ಮಳೆ ಕೆಂಪಾಂಬುಧಿ ಕೆರೆಯ ಕಡೆ ಇಳಿದು ವೃಷಭಾವತಿಯಾಗುತ್ತದೆ. ಅದು ಬಿಡದಿ ಬಳಿಯ ಬೈರಮಂಗಲ ದಾಟಿ ಅರ್ಕಾವತಿಯನ್ನು ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಮೂಡಣಕ್ಕೆ ಬಿದ್ದದ್ದು ಲಾಲ್‌ಬಾಗಿನ ಕಡೆಯಿಂದ ಕೋರಮಂಗಲದ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ತುಂಬಿ, ಕೋಡಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಅದು ತಮಿಳುನಾಡಿನ ನೀರು, ಹೆಸರು ತೆನ್‌ಪೆಣ್ಣೈ. ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ಮಳೆ ಹೀಗೆ ಹರಿದರೆ ಅದು ಪ್ರಕೃತಿಯ ಏರ್ಪಾಟು. ಆದರೆ ಈ ದಿಣ್ಣೆಯ ಎರಡೂ ಕಡೆ ಇವತ್ತು ಹರಿಯುವುದರಲ್ಲಿ ಮಳೆಯ ಪಾಲು ಕಡಿಮೆ. ನಮ್ಮ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಬಂದು, ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರ ಏರಬೇಕು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾದಾಗ ಮೊದಲಿದ್ದ ಸುಮಾರು 1,450 ಎಂಎಲ್‌ಡಿಗೆ 775 ಎಂಎಲ್‌ಡಿ ಸೇರಿತು. ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳು ಹಿಡಿಯುವ ಸಾಮಾನ್ಯ ಲೆಕ್ಕ. ಪೂರ್ತಿ ಸಾಮರ್ಥ್ಯದಲ್ಲಿ ಪಂಪು ಮಾಡಿದರೆ ಕೊಳಚೆ 1,780 ಎಂಎಲ್‌ಡಿ, ವರ್ಷಕ್ಕೆ ಸುಮಾರು 23 ಟಿಎಂಸಿ ಆಯಿತು; ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕಬಿನಿ ಜಲಾಶಯ ತುಂಬಿದರೆ ಹಿಡಿಯುವುದು 19.52 ಟಿಎಂಸಿ. ಕೊಳವೆಬಾವಿಯ ನೀರನ್ನು ನಾವಿನ್ನೂ ಕೂಡಿಸಿಯೇ ಇಲ್ಲ.

ಇಷ್ಟು ನೀರನ್ನು ನಾವು ನೆರೆಯವರಿಗೆ ಕಳಿಸುತ್ತಿದ್ದೇವೆ. ಯಾವ ಸ್ಥಿತಿಯಲ್ಲಿ ಕಳಿಸುತ್ತಿದ್ದೇವೆ ಎಂಬುದಕ್ಕೆ ಎರಡೂ ರಾಜ್ಯ ಒಪ್ಪುವ ಒಂದು ಲೆಕ್ಕದ ಪುಸ್ತಕ ಇಲ್ಲ. ಇವತ್ತಿನ ಮಾತು ಪೂರ್ತಿ ಆ ಪುಸ್ತಕದ ಬಗ್ಗೆ.

ಒಂದು ಪುಸ್ತಕ ಇದೆ, ಆದರೆ ಅದರಲ್ಲಿ ಒಂದೇ ಅಂಕಣ

ಕಾವೇರಿಯ ವಿಷಯದಲ್ಲಿ ಪ್ರಮಾಣದ ಲೆಕ್ಕ ಚೊಕ್ಕವಾಗಿದೆ. 1990ರ ಜೂನ್‌ನಲ್ಲಿ ರಚನೆಯಾದ ನ್ಯಾಯಮಂಡಳಿ 2007ರ ಫೆಬ್ರುವರಿ 5ರಂದು 740 ಟಿಎಂಸಿಯನ್ನು ಹಂಚಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75 ಎಂದಿತು, ಕೇರಳದ 30, ಪುದುಚೇರಿಯ 7 ಹಾಗೇ ಉಳಿದವು. ನಮಗೆ ಹೆಚ್ಚಾದ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ. ತಮಿಳುನಾಡಿನ ಗಡಿಯಲ್ಲಿ ಕಾವೇರಿಯ ಹರಿವನ್ನು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕು. ಯಾವ ತಿಂಗಳು ಎಷ್ಟು ಎಂಬುದೂ ನಿಗದಿಯಾಗಿದೆ: ಆಗಸ್ಟ್‌ನಲ್ಲಿ 45.95, ಜನವರಿಯಲ್ಲಿ 2.76, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ.

ಕೊನೆಯ ನಾಲ್ಕು ತಿಂಗಳ ಆ ಹತ್ತು ಟಿಎಂಸಿಯ ಮೇಲೆ ದಯವಿಟ್ಟು ಗಮನವಿಡಿ. ಅದು ಬೆಳೆಯ ನೀರಲ್ಲ, ಪರಿಸರದ ಪಾಲು. ಬೇಸಿಗೆಯಲ್ಲಿ ನದಿ ನದಿಯಾಗಿ ಉಳಿಯಲಿ, ಮೀನು ಬದುಕಲಿ ಎಂದು ಎತ್ತಿಟ್ಟದ್ದು. ತಿಂಗಳಿಗೆ ಎರಡೂವರೆ ಟಿಎಂಸಿ ಎಂದರೆ ಹಗಲೂ ರಾತ್ರಿ ಸುಮಾರು ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಸಾವಿರ ಘನ ಅಡಿ.

ಈಗ ನಕ್ಷೆ ನೋಡಿ. ಅರ್ಕಾವತಿ ಕಾವೇರಿಯನ್ನು ಸೇರುವುದು ಸಂಗಮದಲ್ಲಿ. ಅಲ್ಲಿಂದ ಕೆಳಗೆ ಮೇಕೆದಾಟು, ಅದಕ್ಕೂ ಕೆಳಗೆ ಬಿಳಿಗುಂಡ್ಲು. ಹಾಗಾದರೆ ವೃಷಭಾವತಿಯ ಮೂಲಕ ಹೋದ ಬೆಂಗಳೂರಿನ ಬಳಸಿದ ನೀರು ಬಿಳಿಗುಂಡ್ಲುವಿನ ಅಳತೆಯೊಳಗೆ ಸೇರುತ್ತದೆ. ಮಳೆಗಾಲದಲ್ಲಿ ಅದು ದೊಡ್ಡ ಹೊಳೆಯಲ್ಲಿ ಕರಗಿಹೋಗುತ್ತದೆ. ಏಪ್ರಿಲ್‌ನಲ್ಲಿ ಹಾಗಲ್ಲ. ಆಗ ಪರಿಸರಕ್ಕೆಂದು ಬಿಟ್ಟ ಸಾವಿರ ಕ್ಯೂಸೆಕ್‌ನಲ್ಲಿ ನಮ್ಮ ಕೊಳಚೆಗೂ ಒಂದು ಪಾಲಿರುತ್ತದೆ. ಬಿಳಿಗುಂಡ್ಲುವಿನಲ್ಲಿ ಹಂಚಿಕೆಯ ಮಾತು ನಡೆಯುವುದು ಕ್ಯೂಸೆಕ್‌ನಲ್ಲಿ ಮಾತ್ರ. ಆ ನೀರಿನಲ್ಲಿ ಆಮ್ಲಜನಕ ಎಷ್ಟಿದೆ, ರಂಜಕ (ಫಾಸ್ಫರಸ್) ಎಷ್ಟಿದೆ ಎಂಬುದು ಯಾವ ರಾಜ್ಯದ ಬಾಕಿಯೂ ಆಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ಮನೆಬಳಕೆಗೆ ಕೊಟ್ಟ ನೀರಿನಲ್ಲಿ ಶೇ 20 ಮಾತ್ರ ಖರ್ಚು, ಉಳಿದದ್ದು ನದಿಗೆ ಮರಳುತ್ತದೆ ಎಂದು ನ್ಯಾಯಮಂಡಳಿ ಹಿಡಿದಿತ್ತು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದೂ ಹೇಳಿತ್ತು. ಅಂದರೆ ಕಾವೇರಿಯಿಂದ ಎತ್ತಿದ ನೀರಿನ ದೊಡ್ಡ ಪಾಲು ಕಾವೇರಿಗೆ ಮರಳುವುದೇ ಇಲ್ಲ, ಪಿನಾಕಿನಿಗೆ ಹೋಗುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದೇವೆ, ಯೋಜನೆಯ ಗಾತ್ರ 440 ಎಂಎಲ್‌ಡಿ. ಕೋಲಾರದ ಹಲವು ಕೆರೆಗಳು ಪಾಲಾರ್ ಕಣಿವೆಯವು. ಪಾಲಾರ್ ಆಂಧ್ರ ಹಾದು ತಮಿಳುನಾಡಿಗೆ ಹೋಗುತ್ತದೆ. ಕೊಡಗಿನಲ್ಲಿ ಬಿದ್ದ ಮಳೆ ಬೆಂಗಳೂರಿನ ಬಚ್ಚಲು ದಾಟಿ ಮೂರು ನದಿಗಳಿಗೆ ಹಂಚಿಹೋಗುತ್ತಿದೆ. ಬರಗಾಲದ ಕೋಲಾರಕ್ಕೆ ಆ ನೀರು ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹಂಚುವವರು ನಾವಾದ ಮೇಲೆ ಅದರ ಗುಣಕ್ಕೆ ಹೊಣೆಯೂ ನಾವೇ.

ನೊರೆ ಎಲ್ಲಿಂದ ಬರುತ್ತದೆ

ಬೆಳ್ಳಂದೂರು, ವರ್ತೂರಿನ ನೊರೆ ನೀವೆಲ್ಲ ನೋಡಿದ್ದೀರಿ. ಅದೇ ನೊರೆ ಕೆಲವರಪಳ್ಳಿಯ ಗೇಟು ತೆರೆದಾಗ ಹೊಸೂರಿನ ರೈತರ ಗದ್ದೆಯಂಚಿಗೆ ಬರುತ್ತದೆ. ಕಾರಣ ತಿಳಿಯದೆ ಇದಕ್ಕೆ ಮದ್ದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಬಟ್ಟೆ ಸೋಪು, ಪಾತ್ರೆ ಸೋಪಿನಲ್ಲಿರುವ ಜಿಡ್ಡು ತೆಗೆಯುವ ಅಣುವಿಗೆ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಗಾಳಿ ಬೆರೆತಾಗ ಈ ಅಣುಗಳು ಗುಳ್ಳೆಯ ಸುತ್ತ ಸಾಲುಗಟ್ಟುತ್ತವೆ. ಚೆನ್ನಾಗಿ ನಡೆಯುವ ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವ ತೊಟ್ಟಿಯ ಬ್ಯಾಕ್ಟೀರಿಯಾಗಳು ಇದರ ಬಹುಭಾಗವನ್ನು ತಿಂದು ಮುಗಿಸುತ್ತವೆ. ಶುದ್ಧೀಕರಿಸದ ನೀರು ನೇರ ಕೆರೆಗೆ ಬಿದ್ದರೆ, ಅಲ್ಲಿ ಆಮ್ಲಜನಕ ಇಲ್ಲದ್ದರಿಂದ ಅದು ಕೊಳೆತು ಮುಗಿಯದೆ ತಳದ ಹೂಳಿಗೆ ಅಂಟಿ ಕೂರುತ್ತದೆ. ಬೇಸಿಗೆಯಿಡೀ ಹೀಗೆ ಶೇಖರವಾಗುತ್ತದೆ. ಮೊದಲ ಜೋರು ಮಳೆ ಬಂದು ಹೂಳು ಕದಡಿದಾಗ ಒಮ್ಮೆಲೇ ಮೇಲೇಳುತ್ತದೆ. ಕೋಡಿಯಲ್ಲಿ ನೀರು ಎತ್ತರದಿಂದ ಬಿದ್ದು ಗಾಳಿ ಸೇರುತ್ತದೆ, ಹೂಳಿನ ಕಣಗಳು ಗುಳ್ಳೆಗೆ ಗೋಡೆ ಕಟ್ಟಿ ಒಡೆಯದಂತೆ ಹಿಡಿಯುತ್ತವೆ. ಅದಕ್ಕೇ ನೊರೆ ಕಡು ಬೇಸಿಗೆಗಿಂತ ಮಳೆ ಶುರುವಾದಾಗ ಹೆಚ್ಚು. ನೊರೆಯ ಮೇಲೆ ನೀರು ಚಿಮುಕಿಸುವುದು, ಬಲೆ ಕಟ್ಟುವುದು ರಸ್ತೆಗೆ ಹಾರದಂತೆ ತಡೆಯುತ್ತದೆ ಅಷ್ಟೇ. ಕೆಳಗಿನ ಊರಿಗೆ ಹೋಗುವುದನ್ನು ಅದು ಗ್ರಾಂನಷ್ಟೂ ಕಡಿಮೆ ಮಾಡುವುದಿಲ್ಲ.

ಇನ್ನು ರಂಜಕ. ಕೆರೆ ತುಂಬ ಅಂತರಗಂಗೆ ಹಬ್ಬುವುದು ಇದರಿಂದ. ಸಾಮಾನ್ಯ ಎರಡನೇ ಹಂತದ ಶುದ್ಧೀಕರಣ ರಂಜಕದ ಕಾಲು ಭಾಗವನ್ನಷ್ಟೇ ತೆಗೆಯುತ್ತದೆ. ಹೀಗಾಗಿ ನೀರು ನೋಡಲು ತಿಳಿಯಾಗಿದ್ದು, ವಾಸನೆಯಿಲ್ಲದೆ ಇದ್ದೂ ಕೆಳಗಿನ ಅಣೆಕಟ್ಟೆಯನ್ನು ಹಸಿರಾಗಿಸಬಲ್ಲದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ 30ರ ಆದೇಶದಲ್ಲಿ ದೊಡ್ಡ ನಗರಗಳ ಘಟಕಗಳಿಂದ ಹೊರಬರುವ ಪ್ರತಿ ಲೀಟರಿನಲ್ಲಿ ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) 10 ಮಿಲಿಗ್ರಾಂ, ಒಟ್ಟು ಸಾರಜನಕ 10, ಒಟ್ಟು ರಂಜಕ 1 ಮಿಲಿಗ್ರಾಂ ಮೀರಬಾರದು ಎಂದಿತು. ಆ ಒಂದನ್ನು ಮುಟ್ಟುವುದು ಎಷ್ಟು ಕಷ್ಟ ಎಂದು ಲೆಕ್ಕ ಹಾಕೋಣ. ನೂರು ಎಂಎಲ್‌ಡಿಯ ಘಟಕದಲ್ಲಿ ಲೀಟರಿಗೆ 5 ಮಿಲಿಗ್ರಾಂ ರಂಜಕ ತೆಗೆಯಬೇಕಾದರೆ ದಿನಕ್ಕೆ 500 ಕಿಲೋ ರಂಜಕ ಹಿಡಿಯಬೇಕು. ಪಟಿಕದಿಂದ ತೆಗೆದರೆ ಪುಸ್ತಕದ ಲೆಕ್ಕದಲ್ಲಿ ಪ್ರತಿ ಕಿಲೋಗೆ 9.6 ಕಿಲೋ ಪಟಿಕ ಸಾಕು. ತೊಟ್ಟಿಯಲ್ಲಿ ಅದು 15–20 ಕಿಲೋಗೆ ಏರುತ್ತದೆ, ಏಕೆಂದರೆ ಪಟಿಕ ಬೇರೆ ಕಶ್ಮಲಕ್ಕೂ ಖರ್ಚಾಗುತ್ತದೆ. ಅಂದರೆ ದಿನಕ್ಕೆ ಒಂದು ಲಾರಿ ಪಟಿಕ, ಅದರ ಜೊತೆ ಅಷ್ಟೇ ತಲೆನೋವಿನ ರಾಸಾಯನಿಕ ಕೆಸರು. ಗಾಳಿಯಿಲ್ಲದ ತೊಟ್ಟಿ, ಗಾಳಿಯ ತೊಟ್ಟಿ ಎಂದು ಸರದಿಯಲ್ಲಿ ನೀರು ಹಾಯಿಸಿ ಬ್ಯಾಕ್ಟೀರಿಯಾಗಳಿಂದಲೇ ರಂಜಕ ಹೀರಿಸುವ ವಿಧಾನ ದೀರ್ಘಕಾಲಕ್ಕೆ ಅಗ್ಗ, ಆದರೆ ಹಳೆಯ ಘಟಕಗಳಲ್ಲಿ ಅದಕ್ಕೆ ಜಾಗ ಹುಡುಕಬೇಕು. ಎಲ್ಲಕ್ಕಿಂತ ಅಗ್ಗವಾದದ್ದು ಸೋಪಿನ ಪುಡಿಯಲ್ಲೇ ರಂಜಕ ಇಲ್ಲದಂತೆ ಮಾಡುವುದು. ಯುರೋಪಿನಲ್ಲಿ ಮನೆಬಳಕೆಯ ಬಟ್ಟೆ ಸೋಪಿಗೆ 2013ರಿಂದಲೇ ಮಿತಿ ಇದೆ. ಕರ್ನಾಟಕ ಒಂದೇ ನಿಷೇಧಿಸಿದರೆ ಹೊಸೂರಿನ ಅಂಗಡಿಯಿಂದ ತಂದುಕೊಳ್ಳುತ್ತಾರೆ. ಅಕ್ಕಪಕ್ಕದ ರಾಜ್ಯಗಳು ಒಟ್ಟಿಗೆ ಮಾಡಿದರೆ ಸೋಪು ಕಂಪನಿಗಳು ತಮ್ಮ ಮಿಶ್ರಣವನ್ನೇ ಬದಲಿಸಬೇಕಾಗುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿರುವವರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ನೆಲಮಾಳಿಗೆಯ ಎಸ್‌ಟಿಪಿಯೂ ಈ ನದಿಯ ಭಾಗ. ಅದು ಕೆಡುವುದಕ್ಕೆ ಮುಖ್ಯ ಕಾರಣ ಎರಡು. ಕರೆಂಟ್ ಬಿಲ್ಲು ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ಆರಿಸುವುದು ಒಂದು; ಕೆಲವು ಗಂಟೆ ಗಾಳಿಯಿಲ್ಲದಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾ ಸೊರಗಿ ವಾಸನೆಯ ಬ್ಯಾಕ್ಟೀರಿಯಾ ತಲೆಯೆತ್ತುತ್ತವೆ. ಹೆಚ್ಚಾದ ಕೆಸರನ್ನು ಹೊರಗೆ ತೆಗೆಯದೇ ಬಿಡುವುದು ಇನ್ನೊಂದು. ಅದು ಕೊನೆಗೆ ಹೊರನೀರಿನ ಜೊತೆ ತಾನೇ ಹೋಗುತ್ತದೆ. ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಗಾಳಿಯ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗುರುತು ಹಾಕಿದ ಗಾಜಿನ ಉದ್ದ ಜಾಡಿಗೆ ತುಂಬಿ ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕೆಸರು 250ರಿಂದ 400 ಮಿಲಿ ಗುರುತಿಗೆ ಇಳಿದು ಮೇಲೆ ತಿಳಿನೀರು ನಿಂತರೆ ಘಟಕ ಆರೋಗ್ಯವಾಗಿದೆ. 800ರ ಮೇಲೇ ನಿಂತರೆ ಕೆಸರು ತುಂಬಿದೆ ಅಥವಾ ದಾರದಂಥ ಬ್ಯಾಕ್ಟೀರಿಯಾ ಬೆಳೆದು ಉಬ್ಬಿದೆ. 100ಕ್ಕಿಂತ ಕೆಳಗೆ ಹೋದರೆ ಕೆಲಸ ಮಾಡುವ ಜೀವವೇ ಅಲ್ಲಿ ಇಲ್ಲ. ನಿರ್ವಹಣೆಯ ಗುತ್ತಿಗೆದಾರರು ವಾರಕ್ಕೆರಡು ಸಲ ಈ ಅಂಕಿಯನ್ನು ಗೋಡೆಯ ಮೇಲೆ ಬರೆಯಬೇಕು ಎಂದು ಸಂಘದವರು ಕರಾರಿನಲ್ಲೇ ಸೇರಿಸಿ.

ಒಂದು ಬಕೆಟ್, ಮೂರು ಬಾಟಲಿ

ಈಗ ಲೆಕ್ಕದ ಪುಸ್ತಕಕ್ಕೆ ಬರುತ್ತೇನೆ. ಎರಡು ರಾಜ್ಯಗಳು ಒಂದೇ ನದಿಯನ್ನು ಅಳೆದು ಬೇರೆ ಬೇರೆ ಅಂಕಿ ತಂದು ಜಗಳವಾಡುವುದು ಸಾಮಾನ್ಯ. ಯಾರೂ ಸುಳ್ಳು ಹೇಳದಿದ್ದರೂ ಹಾಗಾಗುತ್ತದೆ. ಕೊಳಚೆ ದಿನವಿಡೀ ಒಂದೇ ಸಮ ಹರಿಯುವುದಿಲ್ಲ. ಬೆಳಿಗ್ಗೆ ಏಳರಿಂದ ಹತ್ತರ ಸ್ನಾನ, ಬಟ್ಟೆಯ ನೀರು ಕೆಲವು ಗಂಟೆ ಬಿಟ್ಟು ಗಡಿ ತಲುಪುತ್ತದೆ. ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಮಧ್ಯಾಹ್ನ ಬಾಟಲಿ ತುಂಬಿದರೆ ಅದು ಎರಡು ಬೇರೆ ನದಿ. ಪರೀಕ್ಷೆಯೂ ಹಾಗೆಯೇ: ನಮ್ಮಲ್ಲಿ ಬಿಒಡಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ, ಹೊರದೇಶದ ಹಲವು ಕಡೆ 20 ಡಿಗ್ರಿಯಲ್ಲಿ ಐದು ದಿನ. ವಿಧಾನ ಬರೆಯದ ಅಂಕಿ ಅಂಕಿಯೇ ಅಲ್ಲ.

ಜಂಟಿ ಮಾದರಿ ತೆಗೆಯುವ ಕ್ರಮ ಹೀಗಿರಬೇಕು. ಗಡಿಗೆ ಹತ್ತಿರದ ಒಂದು ಸೇತುವೆ ಗೊತ್ತುಮಾಡಿ. ಪಿನಾಕಿನಿಗಾದರೆ ಸರ್ಜಾಪುರದ ಕಡೆಯ ಮುಗಳೂರು ತಕ್ಕ ಜಾಗ. ದಡದ ನೀರು ಬೇಡ, ಅಲ್ಲಿ ಹರಿವು ಸತ್ತಿರುತ್ತದೆ. ನಡುಹೊಳೆಯಲ್ಲಿ, ಮೇಲ್ಮೈಯಿಂದ 30 ಸೆಂ.ಮೀ. ಕೆಳಗೆ, ಹರಿವಿಗೆ ಎದುರಾಗಿ ತುಂಬಬೇಕು. ನೊರೆ, ತೇಲುವ ಕಸ ಬರಬಾರದು. ಒಂದೇ ಬಕೆಟ್ಟಿನ ನೀರನ್ನು ಕಲಕುತ್ತಲೇ ಮೂರು ಪಾಲು ಮಾಡಿ: ಒಂದು ಕರ್ನಾಟಕದ ಲ್ಯಾಬಿಗೆ, ಒಂದು ತಮಿಳುನಾಡಿನದಕ್ಕೆ, ಮೂರನೆಯದು ಇಬ್ಬರೂ ಒಪ್ಪಿದ ಹೊರಗಿನದಕ್ಕೆ. ಮೊದಲ ಎರಡರ ಅಂತರ ಶೇ 20ಕ್ಕಿಂತ ಹೆಚ್ಚಾದರೆ ಮೂರನೆಯದನ್ನು ತೆರೆಯುವುದು ಎಂದು ಮೊದಲೇ ಬರೆದುಕೊಳ್ಳಬೇಕು.

ಕರಗಿದ ಆಮ್ಲಜನಕವನ್ನು ಬಕೆಟ್ಟಿನಿಂದ ಅಳೆಯಬಾರದು, ಸುರಿಯುವಾಗಲೇ ಗಾಳಿ ಸೇರುತ್ತದೆ. 300 ಮಿಲಿಯ ಬಾಟಲಿಯನ್ನು ನೀರಿನೊಳಗೇ ಗುಳ್ಳೆ ಉಳಿಯದಂತೆ ತುಂಬಿ, ಸೇತುವೆಯ ಮೇಲೆಯೇ ರಾಸಾಯನಿಕ ಹಾಕಿ ಸ್ಥಿರ ಮಾಡಬೇಕು. ಬಿಒಡಿಯ ಬಾಟಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿ ಹೋಗಿ 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಮಲದ ಬ್ಯಾಕ್ಟೀರಿಯಾಕ್ಕೆ ಕ್ರಿಮಿ ತೆಗೆದ ಬಾಟಲಿ, ಆದಷ್ಟು ಎಂಟು ಗಂಟೆಯೊಳಗೆ ಲ್ಯಾಬು. ಮೇಲಿನ ಘಟಕದಲ್ಲಿ ಕ್ಲೋರಿನ್ ಹಾಕುತ್ತಿದ್ದರೆ ಅದನ್ನು ಮುರಿಯಲು ಸೋಡಿಯಂ ಥಯೋಸಲ್ಫೇಟ್ ಬಾಟಲಿಯಲ್ಲೇ ಇರಬೇಕು, ಇಲ್ಲವಾದರೆ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಸಾಯುತ್ತ ಹೋಗಿ ನೀರು ಚೊಕ್ಕ ಎಂಬ ತಪ್ಪು ಫಲಿತಾಂಶ ಬರುತ್ತದೆ. ಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ಇಳಿಸಬೇಕು. ರಂಜಕದ ಬಾಟಲಿಯನ್ನು ಸೋಪಿನಲ್ಲಿ ತೊಳೆಯಲೇಬಾರದು. ಸೋಪಿನಲ್ಲೇ ರಂಜಕ ಇರಬಹುದಲ್ಲ; ಆಮ್ಲದಲ್ಲಿ ತೊಳೆದು ಶುದ್ಧ ನೀರಿನಲ್ಲಿ ಜಾಲಿಸಬೇಕು. ಇಂಥ ಸಣ್ಣ ತಪ್ಪಿನಿಂದ ವರ್ಷದ ದಾಖಲೆಯೇ ಹಾಳಾಗಬಹುದು.

ಇಷ್ಟಾದ ಮೇಲೂ ಹರಿವನ್ನು ಅಳೆಯದಿದ್ದರೆ ಶ್ರಮ ವ್ಯರ್ಥ. 500 ಎಂಎಲ್‌ಡಿ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಬಿಒಡಿ ಎಂದರೆ ಮಾನದಂಡದ ಪ್ರಕಾರ ಪಾಸು, ಆದರೂ ದಿನಕ್ಕೆ 5,000 ಕಿಲೋ ಹೊರೆ ಗಡಿ ದಾಟುತ್ತದೆ. ಮಳೆ ಬಂದು ನೀರು ನಾಲ್ಕು ಪಟ್ಟಾದಾಗ ಸಾಂದ್ರತೆ 6ಕ್ಕೆ ಇಳಿದು ವರದಿ ಚೆನ್ನಾಗಿ ಕಾಣುತ್ತದೆ. ಹೊರೆ ಮಾತ್ರ 12,000 ಕಿಲೋ ಆಗಿರುತ್ತದೆ. ಒಪ್ಪಂದ ಮಾಡಿಕೊಳ್ಳುವುದಾದರೆ ಕಿಲೋ ಲೆಕ್ಕದಲ್ಲಿ ಮಾಡಿಕೊಳ್ಳಬೇಕು. ನದಿಗೆ ನೆಟ್ಟು ತಾನಾಗಿ ಅಳೆಯುವ ಉಪಕರಣಗಳು ಒಳ್ಳೆಯವೇ, ಆದರೆ ನಮ್ಮ ನೀರಿನಲ್ಲಿ ಅವುಗಳ ಕಣ್ಣಿನ ಮೇಲೆ ಒಂದೇ ವಾರದಲ್ಲಿ ಲೋಳೆ ಕಟ್ಟುತ್ತದೆ. ವಾರಕ್ಕೊಮ್ಮೆ ಉಜ್ಜುವ ಆಳಿಗೆ ಸಂಬಳ ಇಡದೆ ಕೋಟಿ ರೂಪಾಯಿಯ ಯಂತ್ರ ಕೊಳ್ಳುವುದು ಬೇಡ.

ಕಬಿನಿಯಲ್ಲಿ ನಾವು ಕೆಳಗಿನವರು

ಪಿನಾಕಿನಿಯಲ್ಲಿ ನಾವು ಮೇಲಿನವರು. ಕಬಿನಿಗೆ ಹೋದರೆ ನಾವೇ ಕೆಳಗಿನವರು, ಮೇಲೆ ವಯನಾಡು. ಅಲ್ಲಿ ಬಾಣಾಸುರ ಸಾಗರ, ಕಾರಾಪುಳ ಅಣೆಕಟ್ಟೆಗಳಿವೆ. ಬಾಣಾಸುರ ಸಾಗರದ ಗೇಟು ತೆರೆದರೆ ಆ ನೀರು ಕಬಿನಿ ಅಣೆಕಟ್ಟೆಯಿರುವ ಬೀಚನಹಳ್ಳಿಗೆ ಬರುತ್ತದೆ. ಕಬಿನಿ ಜಲಾಶಯ ಬೇಗ ತುಂಬುತ್ತದೆ: 50,000 ಕ್ಯೂಸೆಕ್ ಒಂದು ದಿನ ಹರಿದು ಬಂದರೆ 4.32 ಟಿಎಂಸಿ. ಅರ್ಧ ಖಾಲಿಯಿದ್ದ ಜಲಾಶಯ ಎರಡೂವರೆ ದಿನದೊಳಗೆ ಭರ್ತಿ. ಆಮೇಲೆ ಬಂದಷ್ಟನ್ನೂ ಬಿಡಬೇಕು, ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿ ಹೊಗೇನಕಲ್‌ನಲ್ಲಿ ತೆಪ್ಪಗಳು ನಿಲ್ಲುತ್ತವೆ, ಮೆಟ್ಟೂರು ಏರುತ್ತದೆ.

ಇಲ್ಲಿ ಬೇಕಾದದ್ದು ಗೇಟು ತೆರೆದ ಮೇಲೆ ಬರುವ ಪತ್ರವಲ್ಲ. ವಯನಾಡಿನ ಮಳೆಮಾಪಕಗಳ ಅಂಕಿ ಗಂಟೆಗೊಮ್ಮೆ ಬೀಚನಹಳ್ಳಿಯ ಎಂಜಿನಿಯರ ಮೇಜಿಗೆ ಬರಬೇಕು. ಅದು ಸಿಕ್ಕರೆ ಒಂದು ದಿನ ಮೊದಲೇ 10,000–15,000 ಕ್ಯೂಸೆಕ್‌ನಂತೆ ಹಂತಹಂತವಾಗಿ ಬಿಟ್ಟು ಜಾಗ ಮಾಡಿಕೊಳ್ಳಬಹುದು. ಸಿಗದಿದ್ದರೆ ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಬಿಡಬೇಕಾಗುತ್ತದೆ. ಆದರೆ ಮಳೆ ಕೈಕೊಟ್ಟರೆ ಮೊದಲೇ ಬಿಟ್ಟ ನೀರು ನಷ್ಟವಲ್ಲವೇ ಎಂಬ ಭಯ ಎಂಜಿನಿಯರಿಗೆ ಇದ್ದೇ ಇರುತ್ತದೆ. ಮುನ್ಸೂಚನೆಯ ಮೇಲೆ ಬಿಟ್ಟ ನೀರನ್ನು ಬಿಳಿಗುಂಡ್ಲುವಿನ ಮುಂದಿನ ತಿಂಗಳ ಲೆಕ್ಕಕ್ಕೂ ಜಮಾ ಮಾಡುವುದಾಗಿ ತಮಿಳುನಾಡು ಒಪ್ಪಿದರೆ ಆ ಭಯ ಅರ್ಧ ಇಳಿಯುತ್ತದೆ. ಮೂರು ರಾಜ್ಯದ ಪ್ರವಾಹದ ಪ್ರಶ್ನೆಗೆ ಒಂದು ಸಾಲಿನ ತಿದ್ದುಪಡಿ ಎಷ್ಟು ಕೆಲಸ ಮಾಡಬಲ್ಲದು ನೋಡಿ.

ವಯನಾಡಿನಿಂದ ನಾವು ಏನು ಬಯಸುತ್ತೇವೋ, ಅಂದರೆ ಮೊದಲೇ ಸುದ್ದಿ, ತೆರೆದ ಅಂಕಿ, ಅದನ್ನೇ ಹೊಸೂರು ನಮ್ಮಿಂದ ಬಯಸುತ್ತಿದೆ. ಬೆಳ್ಳಂದೂರಿನ ಒಂದು ದೊಡ್ಡ ಘಟಕ ರಿಪೇರಿಗೆ ನಿಂತರೆ ಕೆಲವರಪಳ್ಳಿಗೆ ಯಾರು ಫೋನ್ ಮಾಡುತ್ತಾರೆ?

ಬೆಟ್ಟಕ್ಕೆ ಗಡಿ ಗೊತ್ತಿಲ್ಲ

ಬ್ರಹ್ಮಗಿರಿಯ ಏಣಿನ ಮೇಲೆ ಕೊಡಗು–ವಯನಾಡಿನ ಗಡಿ ಹೋಗುತ್ತದೆ. ಈಚೆ ಇರ್ಪು ಜಲಪಾತದಿಂದ ಇಳಿವ ಲಕ್ಷ್ಮಣತೀರ್ಥ ಕೆಆರ್‌ಎಸ್‌ ಹಿನ್ನೀರಿಗೆ ಬರುತ್ತದೆ. ಆಚೆ ತಿರುನೆಲ್ಲಿಯ ತೊರೆಗಳು ಕಬಿನಿಗೆ ಹೋಗುತ್ತವೆ. ಬೆನ್ನು ತಿರುಗಿಸಿ ಹೋದ ಎರಡೂ ನೀರು ತಿರುಮಕೂಡಲು ನರಸೀಪುರದಲ್ಲಿ ಮತ್ತೆ ಕೂಡುತ್ತವೆ. ಆ ಏಣಿನ ಒಂದು ಬದಿಯ ಶೋಲೆ ಕಾಡು, ಹುಲ್ಲುಗಾವಲು ಉಳಿದು ಇನ್ನೊಂದು ಬದಿ ಹಾಳಾದರೆ ಕೆಳಗಿನವರಿಗೆ ಅರ್ಧ ನದಿ ಹೋದಂತೆ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಮೊದಲು ಬಂತು. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ. ಒಟ್ಟು ಸುಮಾರು 56,825 ಚ.ಕಿ.ಮೀ., ಅದರಲ್ಲಿ ಕರ್ನಾಟಕದ್ದೇ 20,668. ಆರು ರಾಜ್ಯಗಳಲ್ಲಿ ಇನ್ನೂ ಒಮ್ಮತವಿಲ್ಲ. ಅದರ ವಾದವಿವಾದ ಬೇರೆ ದಿನಕ್ಕಿರಲಿ. ಅಧಿಸೂಚನೆ ಇರಲಿ ಬಿಡಲಿ, ಮಾಡಬಹುದಾದ ಎರಡು ಕೆಲಸ ಹೇಳುತ್ತೇನೆ.

ಒಂದು, ಇಳಿಜಾರು ಕಡಿಯುವುದು. 2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡ ಜಾರಿದ್ದನ್ನು ನಾವು ಮರೆತಿಲ್ಲ. ರಸ್ತೆಗೋ ಹೋಂಸ್ಟೇಗೋ ಗುಡ್ಡವನ್ನು ಗೋಡೆಯಂತೆ ನೇರ ಕಡಿದರೆ ಮೇಲಿನ ಮಣ್ಣಿಗೆ ಕಾಲೇ ಇರುವುದಿಲ್ಲ. ಐದಾರು ಮೀಟರಿಗೊಂದು ಮೆಟ್ಟಿಲು ಬಿಟ್ಟು, ಪ್ರತಿ ಮೆಟ್ಟಿಲಿಗೂ ಕಡಿದ ಅಂಚಿನ ಮೇಲ್ಗಡೆಗೂ ಚರಂಡಿ ತೆಗೆದು ನೀರನ್ನು ಪಕ್ಕದ ಸಹಜ ತೊರೆಗೆ ಬಿಡಬೇಕು. ಇಂಗುಗುಂಡಿ ಎಲ್ಲ ಕಡೆ ಒಳ್ಳೆಯದು ಎಂಬ ನಂಬಿಕೆ ಬೇಡ. ಬಯಲುಸೀಮೆಯಲ್ಲಿ ಅದು ವರ. 30 ಡಿಗ್ರಿ ಮೀರಿದ ಇಳಿಜಾರಿನಲ್ಲಿ, ಬಂಡೆಯ ಮೇಲೆ ತೆಳುವಾಗಿ ಮಣ್ಣಿರುವ ಕಡೆ, ನಿಂತ ನೀರು ಮಣ್ಣು–ಬಂಡೆಯ ನಡುವೆ ಒತ್ತಡ ಹುಟ್ಟಿಸಿ ಜಾರಿಸುತ್ತದೆ.

ಎರಡು, ಕಳೆ. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆ ಒಂದೇ ಕಾಡು, ಆಡಳಿತ ಮೂರು. ದಕ್ಷಿಣ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ಈ ನಾಲ್ಕರಲ್ಲೂ ಹಬ್ಬುತ್ತಿದೆ. ಅದನ್ನು ಬರಿದೆ ಕಡಿದರೆ ಬುಡದಿಂದ ಹತ್ತು ಚಿಗುರು ಬರುತ್ತದೆ. ದೊಡ್ಡ ಮರಕ್ಕೆ ಎದೆಮಟ್ಟದಿಂದ ಬೇರಿನ ತನಕ ಸುತ್ತಲೂ ತೊಗಟೆ ಸುಲಿದು ನಿಂತಲ್ಲೇ ಒಣಗಲು ಬಿಡಬೇಕು, ಸಸಿಯನ್ನು ಮಳೆಗಾಲದ ಹಸಿ ಮಣ್ಣಿನಲ್ಲಿ ಬೇರುಸಮೇತ ಕೀಳಬೇಕು. ಲಂಟಾನಕ್ಕೆ ನೆಲದ ಮೇಲೆ ಕತ್ತಿ ಆಡಿಸಿ ಪ್ರಯೋಜನವಿಲ್ಲ. ಮಣ್ಣಿನ ಕೆಳಗೆ ಮೂರರಿಂದ ಐದು ಸೆಂ.ಮೀ.ನಲ್ಲಿ ತಾಯಿಬೇರು ಕಡಿದು ಗಿಡವನ್ನು ತಲೆಕೆಳಗಾಗಿಸಿ ಇಡಬೇಕು, ಹಣ್ಣಾಗುವ ಮೊದಲು. ಎರಡಕ್ಕೂ ಬೀಜದಿಂದ ಮತ್ತೆ ಹುಟ್ಟುವುದನ್ನು ಕೀಳುತ್ತ ಕೆಲವು ವರ್ಷ ಹಿಂದೆ ಬೀಳಬೇಕು, ಖಾಲಿಯಾದ ಜಾಗಕ್ಕೆ ಸ್ಥಳೀಯ ಹುಲ್ಲು ತರಬೇಕು. ಒಂದು ರಾಜ್ಯ ತೆಗೆದು ಪಕ್ಕದ್ದು ಬಿಟ್ಟರೆ ಬೀಜ ಮತ್ತೆ ಬರುತ್ತದೆ. ಬೆಂಕಿಯೂ ಹಾಗೆಯೇ: ಒಣಗಿದ ಲಂಟಾನ ನೆಲದ ಬೆಂಕಿಯನ್ನು ಮರದ ತುದಿಗೆ ಏರಿಸುವ ಏಣಿ. ಗಡಿಯ ಬೆಂಕಿ ರೇಖೆಯನ್ನು ಎರಡೂ ಕಡೆಯವರು ಜನವರಿ ಮುಗಿಯುವುದರೊಳಗೆ ಒಂದೇ ವಾರದಲ್ಲಿ ಮಾಡಿ ಮುಗಿಸಬೇಕು. 2024ರ ಮಾರ್ಚ್‌ನಲ್ಲಿ ಬಂಡೀಪುರದಲ್ಲಿ ಮಾನವ–ವನ್ಯಜೀವಿ ಸಂಘರ್ಷಕ್ಕಾಗಿ ಅಂತರರಾಜ್ಯ ಸಮನ್ವಯದ ಒಡಂಬಡಿಕೆ ಆಗಿದೆ. ಕಳೆಯನ್ನೂ ಅದೇ ಮೇಜಿಗೆ ತರಬಹುದು, ಹೊಸ ಸಮಿತಿ ಬೇಕಿಲ್ಲ.

ಖರ್ಚು ಯಾರದು, ಕಾನೂನು ಯಾವುದು

ರೈನ್ ನದಿಯ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಫ್ರಾನ್ಸಿನ ಆಲ್ಸೇಸ್ ಗಣಿಗಳ ಉಪ್ಪು ಕೆಳಗಿನ ನೆದರ್ಲೆಂಡ್ಸಿನ ಕುಡಿಯುವ ನೀರು ಕೆಡಿಸುತ್ತಿತ್ತು. 1976ರ ಒಪ್ಪಂದದಲ್ಲಿ ಉಪ್ಪು ತಡೆಯುವ ಖರ್ಚನ್ನು ಹಂಚಿದ್ದು ಹೀಗೆ: ನೆದರ್ಲೆಂಡ್ಸ್ ಶೇ 34, ಫ್ರಾನ್ಸ್ 30, ಜರ್ಮನಿ 30, ಸ್ವಿಟ್ಜರ್ಲೆಂಡ್ 6. ಯಾರ ನೀರು ಕೆಟ್ಟಿತೋ ಅವರ ಪಾಲೇ ಹೆಚ್ಚು. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ, ಹೊಸೂರಿನ ರೈತರಿಗೆ ನಾವು ಹಾಗೆ ಕೇಳಲೂ ಬಾರದು. ಆದರೆ ಯಾರ ಪಾಲು ಎಷ್ಟು ಎಂದು ಶೇಕಡಾವಾರು ಬರೆದ ಒಂದು ಕಾಗದವಾದರೂ ಇತ್ತು. 1986ರ ನವೆಂಬರ್ 1ರಂದು ಬಾಸೆಲ್ ಬಳಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ಆರಿಸಿದ ನೀರು ಕೀಟನಾಶಕ ಹೊತ್ತು ನದಿಗೆ ಹೋಗಿ ನೂರಾರು ಕಿ.ಮೀ. ಮೀನು ಸತ್ತವು. ಮರುವರ್ಷವೇ ಆ ದೇಶಗಳು 1995ರೊಳಗೆ ಮುಖ್ಯ ಮಾಲಿನ್ಯಕಾರಕಗಳನ್ನು ಅರ್ಧಕ್ಕಿಳಿಸುವ ಕಾರ್ಯಕ್ರಮ ಒಪ್ಪಿದವು. ಬಾಸೆಲ್‌ನ ಕೆಳಗೆ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಸ್ವಿಸ್ಸರೂ ಜರ್ಮನರೂ ಖರ್ಚು ಹಂಚಿಕೊಂಡು ಒಂದೇ ಮಾಪನ ಕೇಂದ್ರ ನಡೆಸುತ್ತಾರೆ. ನಮಗೆ ಬೇಕಾದದ್ದು ಅದು.

ಅದಕ್ಕೆ ಹೊಸ ಕಾನೂನು ಬೇಕೇ? 1956ರ ನದಿ ಮಂಡಳಿಗಳ ಕಾಯ್ದೆಯಡಿ ಈವರೆಗೆ ಒಂದು ಮಂಡಳಿಯೂ ರಚನೆಯಾಗಿಲ್ಲ, ಅದರ ಮೇಲೆ ನನಗೆ ಭರವಸೆ ಕಡಿಮೆ. ಆದರೆ 1974ರ ಜಲಮಾಲಿನ್ಯ ಕಾಯ್ದೆಯ 13ನೇ ಸೆಕ್ಷನ್ ಅಕ್ಕಪಕ್ಕದ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸಲು ಅವಕಾಶ ಕೊಡುತ್ತದೆ. ಖರ್ಚು ಹೇಗೆ ಹಂಚಿಕೊಳ್ಳಬೇಕೆಂದು ಅದೇ ಒಪ್ಪಂದದಲ್ಲಿ ಬರೆಯಬಹುದು ಎಂದೂ ಹೇಳುತ್ತದೆ. ಅರ್ಧ ಶತಮಾನದಿಂದ ಪುಸ್ತಕದಲ್ಲಿರುವ ಈ ಸೆಕ್ಷನ್ನನ್ನು ಪಿನಾಕಿನಿಗೆ ಬಳಸೋಣ ಎಂಬುದು ನನ್ನ ಪ್ರಸ್ತಾಪ. ಮಾಪನದ ಖರ್ಚು ಅರ್ಧರ್ಧ. ಶುದ್ಧೀಕರಣದ ಖರ್ಚು ಕೊಳಕು ಮಾಡಿದವರದ್ದು, ಅಂದರೆ ನಮ್ಮ ನೀರಿನ ಬಿಲ್ಲಿನದ್ದು. ನೀರಿನ ಹಂಚಿಕೆಯ ವ್ಯಾಜ್ಯ ತನ್ನ ಪಾಡಿಗೆ ನಡೆಯುತ್ತಲೇ ಇರಲಿ. ಜಂಟಿಯಾಗಿ ತೆಗೆದ ಅಂಕಿಯನ್ನು ಆ ವ್ಯಾಜ್ಯದಲ್ಲಿ ಯಾರ ವಿರುದ್ಧವೂ ಬಳಸುವುದಿಲ್ಲ ಎಂಬ ಒಂದು ಷರತ್ತು ಮೊದಲೇ ಸೇರಿಸಬೇಕು. ಆ ಷರತ್ತಿಲ್ಲದೆ ಎರಡೂ ಕಡೆಯ ವಕೀಲರು ಯಾವ ಬಾಟಲಿಯನ್ನೂ ತುಂಬಲು ಬಿಡುವುದಿಲ್ಲ.

ಮೊದಲ ವರ್ಷಕ್ಕೆ ಮೂರು ಸುತ್ತು ಸಾಕು. ಮಾರ್ಚ್ ಕೊನೆಯಲ್ಲಿ ಒಂದು, ಹೊಳೆಯಲ್ಲಿ ಬರೀ ನಮ್ಮ ನೀರಿರುವಾಗ. ಮುಂಗಾರು ಪೂರ್ವದ ಮೊದಲ ಜೋರು ಮಳೆಯ 12 ಗಂಟೆಯೊಳಗೆ ಒಂದು, ಹೂಳು ಕದಡಿದಾಗ; ಇದಕ್ಕೆ ದಿನಾಂಕ ಗೊತ್ತುಮಾಡಲಾಗುವುದಿಲ್ಲ, ಎರಡೂ ಕಡೆ ಜೀಪು, ಬಾಟಲಿ, ಮಂಜುಗಡ್ಡೆಯ ಪೆಟ್ಟಿಗೆ ಏಪ್ರಿಲ್ ಮೊದಲ ದಿನದಿಂದ ಸಿದ್ಧವಿರಬೇಕು. ಸೆಪ್ಟೆಂಬರ್‌ನಲ್ಲಿ ಒಂದು, ನೀರು ಹೆಚ್ಚಿರುವಾಗ. ಪ್ರತಿ ಸುತ್ತಿನಲ್ಲೂ ಮುಗಳೂರು, ಕೆಲವರಪಳ್ಳಿಯ ಒಳಹರಿವು, ಹೊರಹರಿವು ಎಂದು ಮೂರು ಕಡೆ, 24 ಗಂಟೆ, ಎರಡು ಗಂಟೆಗೊಂದು ಬಾಟಲಿ. ಒಂದು ಜಾಗಕ್ಕೆ 12, ಮೂರು ಜಾಗಕ್ಕೆ 36, ಮೂರು ಪಾಲು ಮಾಡಿದರೆ 108 ಬಾಟಲಿ. ಫಲಿತಾಂಶ ಬಂದ ಏಳು ದಿನದೊಳಗೆ ಕನ್ನಡದಲ್ಲೂ ತಮಿಳಿನಲ್ಲೂ ಸೇತುವೆಯ ಪಕ್ಕದ ಹಲಗೆಯ ಮೇಲೆ ಬರೆಯಬೇಕು, ಹೊಳೆಯ ನೀರೆತ್ತಿ ತರಕಾರಿ ಬೆಳೆಯುವವರು ಮೊದಲು ಓದಲಿ ಎಂದು.